ಲೀಶ್ ಬಿಚ್ಚುವ ಮೊದಲು: ಡಾಗ್ ಪಾರ್ಕಿಗೆ ನಾಯಿ ಕರೆದೊಯ್ಯುವ ಕ್ರಮ

ಲೀಶ್ ಬಿಚ್ಚಿದ ಮರುಕ್ಷಣ ನಿಮಗೂ ನಿಮ್ಮ ನಾಯಿಗೂ ನಡುವೆ ಉಳಿಯುವುದು ನಿಮ್ಮ ದನಿಯೊಂದೇ. ಸುತ್ತ ಬೇಲಿ ಇದೆಯಲ್ಲ ಎಂಬ ಧೈರ್ಯದಲ್ಲಿ ಎಷ್ಟೋ ಜನ ನಾಯಿಯನ್ನು ಒಳಗೆ ಬಿಟ್ಟು, ಬೆಂಚಿನ ಮೇಲೆ ಕೂತು ಮೊಬೈಲ್ ತೆಗೆಯುತ್ತಾರೆ. ಬೇಲಿ ತಡೆಯುವುದು ಹೊರಗಿನ ರಸ್ತೆಯನ್ನು ಮಾತ್ರ. ಒಳಗಿನ ಕಚ್ಚಾಟ, ಬಿಸಿಲು, ಸೋಂಕು, ಹೆದರಿಕೆ ಇವುಗಳನ್ನು ತಡೆಯುವುದು ನಾಯಿಯ ತಯಾರಿ ಮತ್ತು ಮಾಲೀಕರ ಕಣ್ಣು. ಹಾಗಾಗಿ ಈ ಲೇಖನದಲ್ಲಿ ಪಾರ್ಕಿನೊಳಗಿನ ಅರ್ಧ ಗಂಟೆಗಿಂತ ಅದಕ್ಕೆ ಮೊದಲಿನ ಕೆಲವು ವಾರಗಳ ಮಾತೇ ಹೆಚ್ಚು.

ನಾಯಿಗಳಿಗೆಂದೇ ಜಾಗ ಬಿಡುವ ಪದ್ಧತಿ ತೀರಾ ಹಳೆಯದಲ್ಲ. ಅಮೆರಿಕದ ಬರ್ಕ್ಲಿ ನಗರದಲ್ಲಿ 1979ರಲ್ಲಿ ಶುರುವಾದ ಓಹ್ಲೋನಿ ಡಾಗ್ ಪಾರ್ಕನ್ನು ಆ ದೇಶದ ಮೊದಲನೆಯದೆಂದು ಹೇಳುತ್ತಾರೆ. ನಮ್ಮ ನೆರೆಯ ಹೈದರಾಬಾದಿನಲ್ಲಿ ಮಹಾನಗರ ಪಾಲಿಕೆಯೇ 2018ರಲ್ಲಿ ಕೊಂಡಾಪುರದಲ್ಲಿ ಸುಮಾರು 1.3 ಎಕರೆಯ ಡಾಗ್ ಪಾರ್ಕ್ ತೆರೆಯಿತು. ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದು ಬಿಟ್ಟಿರುವ ಜಾಗ. ಇದಲ್ಲದೆ ಅಪಾರ್ಟ್‌ಮೆಂಟುಗಳ ಮೂಲೆಯಲ್ಲಿ ಬೇಲಿ ಹಾಕಿದ ಸಣ್ಣ ಅಂಗಳಗಳಿವೆ, ನಗರದ ಅಂಚಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೋಗುವ ಖಾಸಗಿ ಜಾಗಗಳಿವೆ. ಮಾಮೂಲಿ ಬಡಾವಣೆ ಪಾರ್ಕಿನಲ್ಲಿ ಲೀಶ್ ಬಿಚ್ಚುವಂತಿಲ್ಲ. ಅಲ್ಲಿ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ, ನಾಯಿ ಕಂಡರೆ ಆಗದವರೂ ಇರುತ್ತಾರೆ. ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು.

ಯಾವ ನಾಯಿ ಹೋಗಬಹುದು

ಮರಿ ಮನೆಗೆ ಬಂದ ತಿಂಗಳಲ್ಲೇ ಪಾರ್ಕಿಗೆ ಕರೆದೊಯ್ಯುವ ಆತುರ ಬೇಡ. ಮರಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 3–4 ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ವೈರಾಣು ರೋಗಗಳ ಲಸಿಕೆ, 3 ತಿಂಗಳು ತುಂಬಿದ ಮೇಲೆ ರೇಬಿಸ್ ಇಂಜೆಕ್ಷನ್ ಬೀಳಬೇಕು. ಕೊನೆಯ ಇಂಜೆಕ್ಷನ್ ಆಗಿ 2 ವಾರ ಕಳೆಯದೆ ನಾಯಿಗಳು ಓಡಾಡುವ ಮಣ್ಣಿನ ಮೇಲೆ ಮರಿಯನ್ನು ಇಳಿಸಬಾರದು. ಕಾರಣ ಪಾರ್ವೊ. ಸೋಂಕು ತಗುಲಿದ ನಾಯಿಯ ಮಲದಿಂದ ಮಣ್ಣಿಗೆ ಸೇರಿದ ವೈರಾಣು ಅಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮೇಲ್ನೋಟಕ್ಕೆ ಹುಲ್ಲು ಚೊಕ್ಕಟವಾಗಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಗೆ ಮರಿಗೆ ನಾಲ್ಕು ತಿಂಗಳು ದಾಟಿರುತ್ತದೆ. ಅಷ್ಟರೊಳಗೆ ಅದು ಜಗತ್ತು ನೋಡಬಾರದು ಅಂತಲ್ಲ. ಎತ್ತಿಕೊಂಡು ಹೋಗಿ ರಸ್ತೆ, ಬಸ್ಸು, ಜನ ತೋರಿಸಿ. ಲಸಿಕೆಯಾದ ಪರಿಚಯದ ನಾಯಿಗಳ ಜೊತೆ ಮನೆಯಲ್ಲೇ ಆಡಿಸಿ.

ದೊಡ್ಡ ನಾಯಿಗೆ ವರ್ಷದ ಬೂಸ್ಟರ್ ತಪ್ಪಿರಬಾರದು. ಪಾರ್ಕಿಗೆ ಹೋಗುವ ನಾಯಿಗೆ ಇನ್ನೆರಡನ್ನು ಡಾಕ್ಟರ ಹತ್ತಿರ ಕೇಳಿ ಹಾಕಿಸಿ: ಇಲಿಜ್ವರದ್ದು, ಅಂದರೆ ಲೆಪ್ಟೊಸ್ಪೈರೋಸಿಸ್ ಲಸಿಕೆ, ಮತ್ತು ನಾಯಿಗಳಲ್ಲಿ ಒಂದರಿಂದ ಒಂದಕ್ಕೆ ಬೇಗ ಅಂಟುವ ಕೆನಲ್ ಕೆಮ್ಮಿನದು. ಜಂತುಹುಳುವಿನ ಮಾತ್ರೆ 3 ತಿಂಗಳಿಗೊಮ್ಮೆ. ಉಣ್ಣೆಹುಳ ತಡೆಯುವ ಮಾತ್ರೆಗಳಲ್ಲಿ ತಿಂಗಳಿಗೊಂದರಂತೆ ಕೊಡುವುದೂ ಇದೆ, 12 ವಾರಕ್ಕೊಂದು ಕೊಡುವುದೂ ಇದೆ. ಯಾವುದು, ಎಷ್ಟು ಎಂಬುದು ನಾಯಿಯ ತೂಕದ ಮೇಲೆ ಹೋಗುತ್ತದೆ. ಪಕ್ಕದ ಮನೆಯ ಲ್ಯಾಬ್ರಡಾರ್‌ಗೆ ತಂದ ಮಾತ್ರೆಯನ್ನು ಮುರಿದು ನಿಮ್ಮ ಪಗ್‌ಗೆ ಹಾಕಬೇಡಿ.

ಹೆಣ್ಣುನಾಯಿ ಬೆದೆಗೆ ಬಂದಿದ್ದರೆ, ರಕ್ತ ಕಂಡ ದಿನದಿಂದ 4 ವಾರ ಪಾರ್ಕ್ ಮರೆತುಬಿಡಿ. ವಾಸನೆಯೊಂದೇ ಸಾಕು, ಅಲ್ಲಿರುವ ಗಂಡುಗಳ ನಡುವೆ ಜಗಳ ಬೀಳುತ್ತದೆ. ಸಂತಾನಹರಣ ಮಾಡಿಸದ, ಒಂದು ವರ್ಷ ದಾಟಿದ ಗಂಡುನಾಯಿಗೂ ತೊಂದರೆಯುಂಟು. ಅದು ಎಷ್ಟೇ ಸಾಧುವಾಗಿದ್ದರೂ ಬೇರೆ ಗಂಡುಗಳು ಅದರ ಮೇಲೆ ಏರಿಹೋಗುವುದು ಹೆಚ್ಚು.

ತಳಿ ನೋಡಿ ನಾಯಿಯನ್ನು ಅಳೆಯಬೇಡಿ. 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಮಾಡಿತು. ನೋಡಬೇಕಾದದ್ದು ನಿಮ್ಮ ಎದುರಿಗಿರುವ ಆ ಒಂದು ನಾಯಿಯ ಸ್ವಭಾವ. ಲೀಶಿನಲ್ಲಿ ನಡೆಯುವಾಗ ಎದುರು ಬಂದ ಪ್ರತಿ ನಾಯಿಗೂ ಎಗರಿ ಬೊಗಳುವ ನಾಯಿ, ಊಟದ ತಟ್ಟೆ ಕಾಯುವ ನಾಯಿ, ಬೇರೆ ನಾಯಿ ಕಂಡರೆ ನಿಮ್ಮ ಕಾಲಸಂದಿಗೆ ನುಗ್ಗುವ ನಾಯಿ, ಈ ಮೂರಕ್ಕೂ ಪಾರ್ಕಿನಲ್ಲಿ ಸುಖವಿಲ್ಲ. ಎರಡು ಮೂರು ವರ್ಷ ತುಂಬಿದ ಮೇಲೆ ಎಷ್ಟೋ ನಾಯಿಗಳಿಗೆ ಅಪರಿಚಿತ ನಾಯಿಗಳ ಗುಂಪು ಬೇಡವೆನಿಸತೊಡಗುತ್ತದೆ. ಅದು ಕಾಯಿಲೆಯಲ್ಲ, ಪ್ರಾಯಕ್ಕೆ ಬಂದ ಲಕ್ಷಣ. ಅಂಥ ನಾಯಿಗೆ ಉದ್ದ ಹಗ್ಗ ಕಟ್ಟಿ ಬಯಲಿನಲ್ಲಿ ಅರ್ಧ ಗಂಟೆ ಮೂಸುತ್ತಾ ಓಡಾಡಲು ಬಿಟ್ಟರೆ ಪಾರ್ಕಿಗಿಂತ ಹೆಚ್ಚು ತೃಪ್ತಿ.

ಕರೆದರೆ ಬರಬೇಕು

ಇದು ಪಾರ್ಕಿನ ನಿಜವಾದ ಪ್ರವೇಶ ಚೀಟಿ. ಕರೆದರೆ ಬಾರದ ನಾಯಿಯ ಲೀಶ್ ಬಿಚ್ಚಬೇಡಿ.

ಮೊದಲು ಒಂದು ಹೊಸ ಕರೆ ಆರಿಸಿಕೊಳ್ಳಿ. ಮನೆಯಲ್ಲಿ ದಿನಕ್ಕೆ ಐವತ್ತು ಸಲ ಕೇಳುವ “ಬಾ ಇಲ್ಲಿ” ಆಗಲೇ ಸವೆದುಹೋಗಿದೆ. ಸ್ನಾನಕ್ಕೂ ಅದೇ, ಉಗುರು ಕತ್ತರಿಸಲೂ ಅದೇ, ಬೈಯಲೂ ಅದೇ. “ಓಡಿ ಬಾ” ಅನ್ನಿ, ಇಲ್ಲವೇ ಒಂದು ಸೀಟಿ ಇಟ್ಟುಕೊಳ್ಳಿ. ಈ ಕರೆಗೆ ಒಂದೇ ಅರ್ಥವಿರಬೇಕು: ಬಂದರೆ ಬಾಯಿಗೆ ರುಚಿಯಾದದ್ದು ಬೀಳುತ್ತದೆ. ಬೇಯಿಸಿದ ಚಿಕನ್ನಿನ ಕಡಲೆಕಾಳಿನಷ್ಟು ಚೂರು, ಹುರಿದ ಲಿವರ್, ಮಾಂಸ ಮಾಡದ ಮನೆಯಾದರೆ ಪನೀರ್. ಅಂಗಡಿಯ ಬಿಸ್ಕತ್ತಿಗೆ ಅಷ್ಟು ಶಕ್ತಿಯಿಲ್ಲ.

ಮೊದಲ ವಾರ ಮನೆಯೊಳಗೆ, 2–3 ಮೀಟರ್ ದೂರದಿಂದ, ದಿನಕ್ಕೆ 10 ಸಲ. ಒಂದೇ ಸಲ ಕರೆಯಿರಿ, ಬಂದ ಕೂಡಲೇ ಚೂರು ಕೊಡಿ. ಚೂರು ಕೊಡುವ ಮುಂಚೆ ಇನ್ನೊಂದು ಕೈಯಿಂದ ಕತ್ತಿನ ಬೆಲ್ಟನ್ನು ಮೆಲ್ಲಗೆ ಹಿಡಿಯುವುದನ್ನು ರೂಢಿ ಮಾಡಿ. ಇದನ್ನು ಬಿಟ್ಟವರ ನಾಯಿಗಳು ಹತ್ತಿರ ಬಂದು, ಕೈ ಚಾಚಿದರೆ ಒಂದಡಿ ಹಿಂದೆ ಸರಿದು, ಗಂಟೆಗಟ್ಟಲೆ ಹಿಡಿಯಲು ಕೊಡದೆ ಸತಾಯಿಸುತ್ತವೆ. ಎರಡನೇ ವಾರ ಕಾಂಪೌಂಡಿನೊಳಗೆ. ಮೂರನೇ ವಾರದಿಂದ ಬಯಲಿನಲ್ಲಿ, 10 ಮೀಟರ್ ಉದ್ದದ ಹಗ್ಗ ಕಟ್ಟಿ. ಹಗ್ಗವನ್ನು ಹಾರ್ನೆಸ್‌ಗೆ, ಅಂದರೆ ಎದೆಗೆ ಸುತ್ತುವ ಪಟ್ಟಿಗೆ ಕಟ್ಟಿ, ಕತ್ತಿನ ಬೆಲ್ಟಿಗಲ್ಲ. ಓಡುತ್ತಾ ಹೋಗಿ ಹಗ್ಗ ಮುಗಿದಾಗ ಬೀಳುವ ಜಗ್ಗು ಕುತ್ತಿಗೆಗೆ ಪೆಟ್ಟು ಮಾಡುತ್ತದೆ. ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. 30 ಕೆ.ಜಿ. ನಾಯಿ ಅಳಿಲಿನ ಹಿಂದೆ ಹಾರಿದರೆ ಬೆರಳು ಮುರಿಯುತ್ತದೆ. ಅಂಗೈ ಸುಡದಂತೆ ಕೈಗವಸು ಹಾಕಿ. ನಾಲ್ಕನೇ ವಾರ ಇನ್ನೊಂದು ನಾಯಿ 15 ಮೀಟರ್ ದೂರದಲ್ಲಿರುವಾಗ ಕರೆಯಿರಿ. 10 ಕರೆಗೆ 9 ಸಲ ತಿರುಗಿ ಬಂತೆಂದರೆ ಪಾರ್ಕಿಗೆ ತಯಾರು. 5 ಸಲ ಬಂತೆಂದರೆ ಮತ್ತೆ ಹಿಂದಿನ ವಾರದ ಪಾಠ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಬಾರದಿದ್ದಾಗ ಹತ್ತು ಸಲ ಕೂಗುವುದು. ಹತ್ತನೆಯ ಕೂಗಿಗೆ ಬಂದರೆ ಸಾಕು ಎಂದು ನಾಯಿ ಕಲಿಯುತ್ತದೆ. ಎರಡು, ತಡವಾಗಿ ಬಂದ ನಾಯಿಗೆ ಏಟು ಕೊಡುವುದು. ನಾಯಿಯ ಲೆಕ್ಕದಲ್ಲಿ ಏಟು ಬಿದ್ದದ್ದು ಓಡಿದ್ದಕ್ಕಲ್ಲ, ಬಂದದ್ದಕ್ಕೆ. ಮೂರು, ಮನೆಗೆ ಹೊರಡುವಾಗ ಮಾತ್ರ ಕರೆಯುವುದು. ಕರೆ ಅಂದರೆ ಆಟ ಮುಗಿಯಿತು ಎಂದಾದರೆ ಯಾವ ನಾಯಿ ಬಂದೀತು? ಪಾರ್ಕಿನಲ್ಲಿ ನಾಲ್ಕೈದು ಸಲ ಸುಮ್ಮನೆ ಕರೆದು, ಬೆಲ್ಟ್ ಹಿಡಿದು, ಬೆನ್ನು ತಟ್ಟಿ “ಹೋಗು, ಆಡು” ಎಂದು ಬಿಡಿ. ಅಷ್ಟಾಗಿಯೂ ಬಾರದಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ, ಅದಕ್ಕೆ ಅದೂ ಆಟ. ಬೆನ್ನು ತಿರುಗಿಸಿ ಎದುರು ದಿಕ್ಕಿಗೆ ಓಡಿ, ಇಲ್ಲವೇ ಕುಕ್ಕರುಗಾಲಲ್ಲಿ ಕೂತು ನೆಲ ಕೆದಕಿ. ಬಹುಪಾಲು ನಾಯಿಗಳು ಏನಿದೆ ಎಂದು ನೋಡಲು ಬರುತ್ತವೆ.

ನಾಯಿ ಇಲ್ಲದೆ ಒಮ್ಮೆ ಹೋಗಿ ಬನ್ನಿ

ನೀವು ಹೋಗಬೇಕೆಂದಿರುವ ಹೊತ್ತಿಗೇ ಒಬ್ಬರೇ ಹೋಗಿ, ಬೇಲಿಯಾಚೆ 20 ನಿಮಿಷ ನಿಂತು ನೋಡಿ. ಬೇಲಿ ಕನಿಷ್ಠ 5 ಅಡಿ ಇದೆಯೇ? ಅದಕ್ಕಿಂತ ಮುಖ್ಯ, ಬುಡದಲ್ಲಿ ಮಳೆನೀರು ಮಣ್ಣು ಕೊಚ್ಚಿ ಸಂದು ಮಾಡಿದೆಯೇ? ನಾಯಿ ಬೇಲಿ ಹಾರಿ ತಪ್ಪಿಸಿಕೊಳ್ಳುವುದಕ್ಕಿಂತ ಕೆಳಗೆ ತೂರಿ ಹೋಗುವುದು ಹೆಚ್ಚು. ಬಾಗಿಲು ಎರಡಿದ್ದು ನಡುವೆ ಒಂದು ಚಿಕ್ಕ ಪಂಜರದಂಥ ಜಾಗವಿದ್ದರೆ ಒಳ್ಳೆಯದು. ಸಣ್ಣ ನಾಯಿಗಳಿಗೆ ಬೇರೆ ಅಂಕಣವಿದ್ದರೆ ಇನ್ನೂ ಒಳ್ಳೆಯದು. ಗಿಡಗಳಲ್ಲಿ ಕಣಗಿಲೆ ಇದೆಯೇ ನೋಡಿ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ, ಕಡ್ಡಿ ಕಚ್ಚುವ ಚಟದ ನಾಯಿಗೆ ಅಪಾಯ.

ಆಮೇಲೆ ಜನರನ್ನು ನೋಡಿ. ಮಾಲೀಕರು ನಾಯಿಯ ಹಿಂದೆ ಓಡಾಡುತ್ತಿದ್ದಾರೋ ಒಂದು ಕಡೆ ಗುಂಪುಗೂಡಿ ಹರಟುತ್ತಿದ್ದಾರೋ? ಜನ ಗುಂಪಾದ ಕಡೆ ನಾಯಿಗಳೂ ಗುಂಪಾಗುತ್ತವೆ, ಗುಂಪಾದ ಕಡೆಯೇ ಕಚ್ಚಾಟ. ಅರ್ಧ ಎಕರೆ ಜಾಗದಲ್ಲಿ 10–12 ನಾಯಿಗಳಿಗಿಂತ ಹೆಚ್ಚಿದ್ದರೆ ಆ ಹೊತ್ತು ಹೊಸ ನಾಯಿಗೆ ಹೇಳಿದ್ದಲ್ಲ. ಕಬ್ಬನ್ ಪಾರ್ಕಿನ ಭಾನುವಾರ ನೋಡಲು ಹಬ್ಬದಂತಿರುತ್ತದೆ, ಮೊದಲ ಭೇಟಿಗೆ ಮಾತ್ರ ಅದು ತಕ್ಕ ದಿನವಲ್ಲ. ವಾರದ ನಡುವೆ ಬೆಳಗ್ಗೆ ಬೇಗ, 4–5 ನಾಯಿಗಳಿರುವಾಗ ಶುರುಮಾಡಿ. ಗೇಟಿನ ಫಲಕದಲ್ಲಿರುವ ಸಮಯ ಮತ್ತು ನಿಯಮಗಳ ಫೋಟೊ ತೆಗೆದುಕೊಳ್ಳಿ. ಅವು ಆಗಾಗ ಬದಲಾಗುತ್ತವೆ.

ಚೀಲದಲ್ಲಿ

ಕಕ್ಕ ಎತ್ತುವ ಕವರ್ 4, ಕುಡಿಯುವ ನೀರು 1 ಲೀಟರ್, ನಿಮ್ಮದೇ ಬಟ್ಟಲು, ಹಳೆ ಟವೆಲ್, ಚಿಮುಟ, ಲಸಿಕೆ ಪುಸ್ತಕದ ಫೋಟೊ, ಹತ್ತಿರದ 24 ಗಂಟೆ ತೆರೆದಿರುವ ಪ್ರಾಣಿ ಆಸ್ಪತ್ರೆಯ ನಂಬರು. ಲೀಶ್ 5–6 ಅಡಿಯ ಮಾಮೂಲಿ ಪಟ್ಟಿಯದಿರಲಿ. ಗುಂಡಿ ಒತ್ತಿದರೆ ಉದ್ದವಾಗುವ ಲೀಶಿನ ತೆಳು ದಾರ ನಾಯಿಗಳ ಕಾಲಿಗೂ ಜನರ ಕಾಲಿಗೂ ಸಿಕ್ಕಿ ಕೊಯ್ಯುತ್ತದೆ. ಪಾರ್ಕಿನೊಳಗೆ ನಾಯಿಯ ಮೇಲೆ ಚಪ್ಪಟೆ ಬಟ್ಟೆ ಬೆಲ್ಟ್ ಒಂದೇ ಇರಲಿ, ಅದರಲ್ಲಿ ನಿಮ್ಮ ಫೋನ್ ನಂಬರಿನ ಬಿಲ್ಲೆ. ಕಬ್ಬಿಣದ ಚೈನು, ಮುಳ್ಳಿನ ಬೆಲ್ಟ್, ಹಾರ್ನೆಸ್ ಬಿಚ್ಚಿಡಿ. ಆಡುವಾಗ ಇನ್ನೊಂದು ನಾಯಿಯ ಕೆಳದವಡೆ ಅದರೊಳಗೆ ಸಿಕ್ಕಿಕೊಂಡರೆ ಎರಡೂ ಗಾಬರಿಯಲ್ಲಿ ತಿರುಚಿಕೊಂಡು, ಒಂದಕ್ಕೆ ದವಡೆ ಮುರಿದು ಇನ್ನೊಂದಕ್ಕೆ ಉಸಿರುಗಟ್ಟುತ್ತದೆ.

ಚೆಂಡು, ಗೊಂಬೆ, ಮೂಳೆ ಮನೆಯಲ್ಲೇ ಇರಲಿ. ಚಿಕನ್ ಚೂರು ಜೇಬಿನಲ್ಲಿ ಮುಚ್ಚಿದ ಡಬ್ಬಿಯಲ್ಲಿರಲಿ, ಸುತ್ತ ನಾಲ್ಕು ನಾಯಿ ನಿಂತಿರುವಾಗ ಅದನ್ನು ತೆಗೆಯಬೇಡಿ. ಹತ್ತು ವರ್ಷದೊಳಗಿನ ಮಕ್ಕಳನ್ನು ಒಳಗೆ ತರಬೇಡಿ. ಕಿರುಚಿ ಓಡುವ ಮಗು ನಾಯಿಗೆ ಅಟ್ಟಿಸುವ ಆಟದ ಸಂಗಾತಿಯಂತೆ ಕಾಣುತ್ತದೆ. ನೀವೂ ಚಪ್ಪಲಿ ಬಿಟ್ಟು ಶೂ ಹಾಕಿ, ಮೊಣಕಾಲು ಸ್ವಲ್ಪ ಮಡಿಸಿ ನಿಲ್ಲಿ. ಪೂರ್ತಿ ವೇಗದಲ್ಲಿ ಓಡಿಬರುವ ಲ್ಯಾಬ್ರಡಾರ್ ಪಕ್ಕದಿಂದ ಮೊಣಕಾಲಿಗೆ ಡಿಕ್ಕಿ ಹೊಡೆದರೆ ಒಳಗಿನ ತಂತು ಹರಿದುಹೋಗಬಹುದು.

ಗೇಟಿನ ಐದು ನಿಮಿಷ

ದೊಡ್ಡ ತಳಿಯ ನಾಯಿಗೆ ಹೊರಡುವ 2 ಗಂಟೆ ಮೊದಲು ಊಟ ಮುಗಿದಿರಲಿ. ತುಂಬಿದ ಹೊಟ್ಟೆಯಲ್ಲಿ ಓಡಾಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ.

ನಮ್ಮೂರಿನ ಪಾರ್ಕುಗಳಲ್ಲಿ ಮೊದಲ ಪರೀಕ್ಷೆ ಗೇಟಿನ ಹೊರಗೇ ಇರುತ್ತದೆ. ಅಲ್ಲಿ ಬೀದಿನಾಯಿಗಳ ಒಂದು ಸಂಸಾರ ಇದ್ದೇ ಇರುತ್ತದೆ, ಅದು ಅವುಗಳ ಜಾಗ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಎಂದರ್ಥ. ವಾಹನವನ್ನು ಗೇಟಿನ ಹತ್ತಿರ ನಿಲ್ಲಿಸಿ, ಲೀಶ್ ಗಿಡ್ಡ ಹಿಡಿದು, ಓಡದೆ, ಅವುಗಳ ಕಣ್ಣಿನಲ್ಲಿ ಕಣ್ಣಿಡದೆ ಸ್ವಲ್ಪ ಬಳಸಿ ನಡೆಯಿರಿ. ಗುರುಗುಟ್ಟುತ್ತಾ ಬಂದರೆ ಒಂದು ಹಿಡಿ ಬಿಸ್ಕತ್ತನ್ನು ನಿಮ್ಮಿಂದ ದೂರಕ್ಕೆ, ಪಕ್ಕಕ್ಕೆ ಎಸೆದು ಮುಂದೆ ಹೋಗಿ. ಕಲ್ಲು ಎತ್ತಬೇಡಿ, ನಾಳೆಯೂ ಅದೇ ದಾರಿಯಲ್ಲಿ ಬರಬೇಕು. ದಿನಾ ಊಟ ಹಾಕುವ ಮನಸ್ಸಿದ್ದರೆ ಗೇಟಿನಿಂದ ದೂರದಲ್ಲಿ ಹಾಕಿ. ಗೇಟಿನ ಮುಂದೆ ಹಾಕಿದ ಅನ್ನ ಗೇಟನ್ನೇ ಕಾಯುವಂತೆ ಮಾಡುತ್ತದೆ.

ನೇರವಾಗಿ ಒಳಗೆ ನುಗ್ಗದೆ ಬೇಲಿಯ ಹೊರಗೆ 10 ನಿಮಿಷ ನಡೆಸಿ. ನಾಯಿ ಉಚ್ಚೆ, ಕಕ್ಕ ಮುಗಿಸಲಿ, ಜಾಲರಿಯಾಚೆಯ ನಾಯಿಗಳನ್ನು ನೋಡಲಿ. ಬಾಗಿಲ ಹತ್ತಿರ ನಾಯಿಗಳು ಮುತ್ತಿದ್ದರೆ ಅವು ಚದುರುವವರೆಗೆ ಕಾಯಿರಿ. ಹೊರಬಾಗಿಲು ದಾಟಿ, ಅದನ್ನು ಮುಚ್ಚಿ, ನಡುವಿನ ಜಾಗದಲ್ಲೇ ಲೀಶ್ ಬಿಚ್ಚಿ, ಆಮೇಲೆ ಒಳಬಾಗಿಲು ತೆಗೆಯಿರಿ. ಲೀಶ್ ಬಿಚ್ಚಿದ ನಾಯಿಗಳ ನಡುವೆ ಲೀಶ್ ಕಟ್ಟಿದ ನಾಯಿ ನಿಂತರೆ ಅದಕ್ಕೆ ಓಡಲೂ ಆಗದು, ಮೈಯ ಭಾಷೆ ಆಡಲೂ ಆಗದು. ಬಿಗಿದ ಲೀಶ್ ಅದರ ಎದೆಯನ್ನು ಮೇಲೆತ್ತಿ, ಜಗಳಕ್ಕೆ ನಿಂತವರಂತೆ ಕಾಣಿಸುತ್ತದೆ. ಸಣ್ಣ ನಾಯಿಯನ್ನು ಎತ್ತಿಕೊಂಡು ಒಳಗೆ ಹೋಗುವುದೂ ಬೇಡ, ಕೆಳಗಿನವು ನಿಮ್ಮ ಮೈಮೇಲೆ ಹಾರುತ್ತವೆ. ಒಳಗೆ ಕಾಲಿಟ್ಟ ಕೂಡಲೇ ನಿಲ್ಲದೆ ದೂರದ ಮೂಲೆಯತ್ತ ನಡೆಯಿರಿ. ನೀವು ನಡೆದರೆ ನಿಮ್ಮ ನಾಯಿಯೂ ನಡೆಯುತ್ತದೆ, ಮೂಸಲು ಬಂದವೂ ಚದುರುತ್ತವೆ.

ಆಟ ಯಾವುದು, ಜಗಳ ಯಾವುದು

ಸದ್ದು ನೋಡಿ ತೀರ್ಮಾನಿಸಬೇಡಿ. ಗುರ್ರೆನ್ನುತ್ತಾ ಹಲ್ಲು ತೋರಿಸಿ ಉರುಳಾಡುವ ಎರಡು ನಾಯಿಗಳು ಸುಖವಾಗಿ ಆಡುತ್ತಿರಬಹುದು, ಸದ್ದಿಲ್ಲದೆ ನಿಂತ ನಾಯಿ ಮುಂದಿನ ಕ್ಷಣ ಎರಗಬಹುದು.

ಆಟದಲ್ಲಿ ಮೈ ಸಡಿಲವಾಗಿ, ಬಳುಕುತ್ತಾ ಇರುತ್ತದೆ. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ಕರೆಯುತ್ತವೆ. ಬಾಯಿ ತೆರೆದಿರುತ್ತದೆ. ಓಡಿಸುವವರು ಯಾರು, ಓಡುವವರು ಯಾರು ಎಂಬುದು ಅದಲುಬದಲಾಗುತ್ತದೆ, ಈಗ ಕೆಳಗೆ ಬಿದ್ದದ್ದು ಆಮೇಲೆ ಮೇಲೇರುತ್ತದೆ. ನಡುನಡುವೆ ಎರಡೂ ತಾವಾಗಿ ನಿಂತು, ಮೈ ಕೊಡವಿಕೊಂಡು, ನೆಲ ಮೂಸಿ ಮತ್ತೆ ಶುರುಮಾಡುತ್ತವೆ. ಈ ನಿಲುಗಡೆಯೇ ಆರೋಗ್ಯದ ಗುರುತು. 3–4 ನಿಮಿಷವಾದರೂ ನಿಲುಗಡೆ ಬಾರದೆ ವೇಗ ಏರುತ್ತಲೇ ಇದ್ದರೆ ನೀವೇ ಕರೆದು ಅರ್ಧ ನಿಮಿಷ ನಿಲ್ಲಿಸಿ.

ಕೆಡುಕಿನ ಗುರುತು ಬಿಗಿತ. ಬಾಲ ಕೊಡೆಯ ಕಡ್ಡಿಯಂತೆ ಸೆಟೆದು ತುದಿ ಮಾತ್ರ ಅಲುಗುತ್ತಿದೆ, ಬಾಯಿ ಮುಚ್ಚಿದೆ, ಕಣ್ಣು ನೆಟ್ಟಿದೆ, ಒಂದರ ಗದ್ದ ಇನ್ನೊಂದರ ಬೆನ್ನ ಮೇಲೆ ಕೂತು ಕದಲುತ್ತಿಲ್ಲ ಎಂದರೆ ನಿಮಗಿರುವುದು ಎರಡು ಮೂರು ಸೆಕೆಂಡು. ಆಗ ಬೆಲ್ಟ್ ಹಿಡಿದೆಳೆಯದೆ ಹಗುರ ದನಿಯಲ್ಲಿ ಕರೆದು ನಡೆದುಬಿಡಿ. ಬಾಲ ಹೊಟ್ಟೆಗೆ ಸೇರಿಸಿ, ಆಕಳಿಸುತ್ತಾ, ಮೂಗು ನೆಕ್ಕುತ್ತಾ, ಕಣ್ಣಿನ ಬಿಳಿ ತೋರಿಸುತ್ತಾ ಬೆಂಚಿನಡಿ ಸೇರುವ ನಾಯಿ ಸಾಕು ಎನ್ನುತ್ತಿದೆ. “ಅಭ್ಯಾಸ ಆಗಲಿ ಬಿಡಿ” ಎಂದು ಅಲ್ಲೇ ಬಿಡಬೇಡಿ. ಅಲ್ಲಿ ಆಗುವ ಅಭ್ಯಾಸ ಹೆದರಿಕೆಯದ್ದು, ಅದೇ ನಾಯಿ ಮುಂದೆ ಮೊದಲು ಕಚ್ಚುವ ನಾಯಿಯಾಗುತ್ತದೆ.

ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ: ಮೇಲೆ ಬೀಳುತ್ತಿರುವ ನಾಯಿಯನ್ನು ಅದರ ಮಾಲೀಕರು ಹಿಡಿದುಕೊಳ್ಳಲಿ. ಕೆಳಗಿದ್ದದ್ದು ಮತ್ತೆ ಆಟಕ್ಕೆ ಕರೆಯಿತೇ, ಬಿಡಿ, ಆಡಲಿ. ದೂರ ಸರಿಯಿತೇ, ಆಟ ಮುಗಿಯಿತು.

ಒಂದನ್ನು ಮೂರು ನಾಯಿ ಅಟ್ಟಿಸಿಕೊಂಡು ಹೋಗುವುದನ್ನು ಯಾವ ಕಾರಣಕ್ಕೂ ಆಟವೆಂದು ಬಿಡಬೇಡಿ. ಓಡುತ್ತಿರುವುದು 4 ಕೆ.ಜಿ.ಯ ಪಾಮರೇನಿಯನ್ ಆಗಿದ್ದು ಅದು ಕುಂಯ್ ಎಂದರೆ, ಅಲ್ಲಿಯವರೆಗೆ ಒಳ್ಳೆಯದಾಗಿದ್ದ ದೊಡ್ಡ ನಾಯಿಯಲ್ಲೂ ಬೇಟೆಯ ಬುದ್ಧಿ ಏಳುತ್ತದೆ. ಸಣ್ಣ ನಾಯಿಗಳಿಗೆ ಬೇರೆ ಅಂಕಣ ಬೇಕೆನ್ನುವುದು ಇದೇ ಕಾರಣಕ್ಕೆ.

ಇಲ್ಲಿ ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ಈ ತಳಿ ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ದೂರದಲ್ಲಿ ಅಳಿಲಿನ ಬಾಲ ಅಲುಗಿದರೆ ಸಾಕು, ಆ ಕ್ಷಣ ಅದರ ಕಿವಿಗೆ ನಿಮ್ಮ ಕರೆ ಬೀಳುವುದಿಲ್ಲ. ಇದರ ತಲೆ ಕುತ್ತಿಗೆಗಿಂತ ಕಿರಿದು, ಮಾಮೂಲಿ ಬೆಲ್ಟನ್ನು ಹಿಂದಕ್ಕೆ ಜಗ್ಗಿ ಸಲೀಸಾಗಿ ಕಳಚಿಕೊಳ್ಳುತ್ತದೆ. ಗೇಟಿನವರೆಗೆ ನಡೆಸಲು ಎಳೆದಾಗ ಅಷ್ಟೇ ಬಿಗಿಯಾಗುವ, ಅಗಲ ಪಟ್ಟಿಯ ಮಾರ್ಟಿಂಗೇಲ್ ಬೆಲ್ಟ್ ಹಾಕಿ: ಬಿಗಿದಾಗ ಕಿವಿಯ ಹಿಂದೆ ತಲೆಯ ಸುತ್ತಳತೆಗಿಂತ ಚಿಕ್ಕದಾಗಬೇಕು, ಸಡಿಲವಿದ್ದಾಗ ಎರಡು ಬೆರಳು ಹೋಗಬೇಕು. ಬೇಲಿ 6 ಅಡಿ ಇರುವ ಜಾಗ ಹುಡುಕಿ. ಚರ್ಮ ತೆಳು, ಕೂದಲು ಗಿಡ್ಡ. ಬೇರೆ ನಾಯಿಗೆ ಗೀರು ಬೀಳುವ ಆಟದಲ್ಲಿ ಇದಕ್ಕೆ ಹೊಲಿಗೆ ಬೀಳುವಂತೆ ಚರ್ಮ ಹರಿಯುತ್ತದೆ, ಮುಳ್ಳುತಂತಿಯ ಬೇಲಿ ಇರುವಲ್ಲಿ ಬಿಡಲೇಬೇಡಿ.

ಕಚ್ಚಾಟ ಬಿದ್ದರೆ

ಬಹುತೇಕ ಜಗಳ ಸದ್ದು ಮಾಡಿ ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಮುಗಿಯದಿದ್ದರೆ ನಡುವೆ ಕೈ ಹಾಕಬೇಡಿ, ಬೆಲ್ಟಿಗೂ ಕೈ ಚಾಚಬೇಡಿ. ಆ ಹೊತ್ತಿನಲ್ಲಿ ನಾಯಿ ತನ್ನ ಮಾಲೀಕರ ಕೈಯನ್ನೂ ಗುರುತಿಸುವುದಿಲ್ಲ. ಮೊದಲು ಜೋರು ಸದ್ದು, ಬಟ್ಟಲು ಬಡಿಯಿರಿ. ಆಮೇಲೆ ಮುಖಕ್ಕೆ ನೀರು ಎರಚಿ. ಅದಕ್ಕೂ ಬಿಡದಿದ್ದರೆ ಇಬ್ಬರು ಬೇಕು: ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ತೊಡೆಯ ಹತ್ತಿರ ಹಿಡಿದು, ಕೈಗಾಡಿ ಎತ್ತುವಂತೆ ಎತ್ತಿ, ಒಂದೇ ಸಲಕ್ಕೆ ಹಿಂದಕ್ಕೆ ಸುತ್ತುತ್ತಾ ನಡೆಯಬೇಕು. ಸುತ್ತದೆ ನಿಂತರೆ ನಾಯಿ ತಿರುಗಿ ನಿಮ್ಮನ್ನೇ ಕಚ್ಚುತ್ತದೆ. ಒಂದನ್ನು ಮಾತ್ರ ಎತ್ತಿದರೆ ಇನ್ನೊಂದಕ್ಕೆ ಮೈ ತೆರೆದುಕೊಟ್ಟಂತೆ. ಹಲ್ಲು ನೆಟ್ಟು ಹಿಡಿದಿದ್ದರೆ ಎಳೆಯಬೇಡಿ, ಎಳೆದಷ್ಟೂ ಮಾಂಸ ಹರಿಯುತ್ತದೆ. ಹಿಡಿತ ಬಿಡುವವರೆಗೆ ಎರಡನ್ನೂ ಅಲುಗದಂತೆ ಹಿಡಿಯಿರಿ.

ಬಿಡಿಸಿದ ಮೇಲೆ ಎರಡಕ್ಕೂ ಲೀಶ್ ಕಟ್ಟಿ ಹೊರಗೆ ತನ್ನಿ. ಕೂದಲು ಬಿಡಿಸಿ ಕುತ್ತಿಗೆ, ಕಂಕುಳು, ಹೊಟ್ಟೆ ನೋಡಿ. ಹೊರಗೆ ಸೂಜಿಮೊನೆಯಷ್ಟು ತೂತು ಕಂಡರೂ ಒಳಗೆ ಮಾಂಸ ಜಜ್ಜಿಹೋಗಿರುತ್ತದೆ, ತೂತು ಬೇಗ ಮುಚ್ಚಿ ಎರಡು ಮೂರು ದಿನಕ್ಕೆ ಕೀವು ಗಟ್ಟುತ್ತದೆ. ಶುದ್ಧ ನೀರಿನಿಂದ ತೊಳೆದು ಅದೇ ದಿನ ಡಾಕ್ಟರಿಗೆ ತೋರಿಸಿ. ಅರಿಸಿನ ಮೆತ್ತಬೇಡಿ, ತೂತು ಮುಚ್ಚಿ ಗಾಯ ಕಾಣದಂತಾಗುತ್ತದೆ. ಯಾರದು ತಪ್ಪು ಎಂಬ ವಾದಕ್ಕೆ ಮೊದಲು ಇಬ್ಬರೂ ಫೋನ್ ನಂಬರು ಮತ್ತು ಲಸಿಕೆ ಪುಸ್ತಕದ ಫೋಟೊ ಬದಲಿಸಿಕೊಳ್ಳಿ.

ಮನುಷ್ಯರಿಗೆ ಹಲ್ಲು ತಾಗಿದರೆ, ಗೀರಾದರೂ ಸರಿ, ಹರಿಯುವ ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಕಾಫಿಪುಡಿ, ಖಾರದಪುಡಿ ಏನೂ ಹಚ್ಚಬೇಡಿ. ನಾಯಿಗೆ ಲಸಿಕೆ ಆಗಿದ್ದರೂ ಅದೇ ದಿನ ಡಾಕ್ಟರನ್ನು ಕಾಣಿ. ತೋಳಿಗೆ ಹಾಕುವ ಕ್ರಮದಲ್ಲಿ ರೇಬಿಸ್ ಲಸಿಕೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೇ ದಿನ ಬೀಳುತ್ತದೆ. ರಕ್ತ ಬಂದ ಗಾಯಕ್ಕೆ ಇದರ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಾಣುವನ್ನು ಅಲ್ಲೇ ತಡೆಯುವ ಇಂಜೆಕ್ಷನ್ ಕೂಡ ಬೇಕು. ಅದನ್ನು ಕೇಳಿ ಹಾಕಿಸಿಕೊಳ್ಳಿ.

ಬಿಸಿಲು, ಮಳೆ, ದೀಪಾವಳಿ

ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ 8ರೊಳಗೆ ಮುಗಿಸಿ, ಇಲ್ಲವೇ ಸಂಜೆ 5.30ರ ನಂತರ ಹೋಗಿ. ಅಂಗೈಯ ಹಿಂಭಾಗವನ್ನು ನೆಲದ ಮೇಲೆ 7 ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವು ಮತ್ತು ಹಸ್ಕಿಯಂಥ ದಪ್ಪ ಕೂದಲಿನವು ಮೊದಲು ಸೋಲುತ್ತವೆ. ನಾಲಿಗೆ ಸೌಟಿನಂತೆ ಅಗಲವಾಗಿ ಕಡುಗೆಂಪಾಗುವುದು, ಜೊಲ್ಲು ಎಳೆಎಳೆಯಾಗಿ ಅಂಟುವುದು, ನಡೆ ತೂರಾಡುವುದು, ವಾಂತಿ, ಇವು ಶಾಖ ಏರಿದ ಗುರುತು. ನಾಯಿಯ ಮೈ ಶಾಖ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರಬೇಕಾದದ್ದು, 40 ದಾಟಿದರೆ ಜೀವಕ್ಕೇ ಅಪಾಯ. ನೆರಳಿಗೆ ತಂದು ಮೈಮೇಲೆಲ್ಲ, ಮುಖ್ಯವಾಗಿ ಹೊಟ್ಟೆ ಮತ್ತು ತೊಡೆಸಂದಿಗೆ ನೀರು ಸುರಿಯುತ್ತಾ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಎ.ಸಿ. ಹಾಕಿದ ಕಾರಿನಲ್ಲಿ ಆಸ್ಪತ್ರೆಗೆ.

ಮಳೆಗಾಲದಲ್ಲಿ ನಿಂತ ನೀರನ್ನು ಕುಡಿಯಗೊಡಬೇಡಿ. ಇಲಿಯ ಮೂತ್ರ ಸೇರಿದ ಕೆಸರಿನಿಂದಲೇ ಇಲಿಜ್ವರ. ಸಂಜೆ ಹೊತ್ತು ಮೈತುಂಬ ಗಂಟಿರುವ ನೆಲಗಪ್ಪೆಗಳು ಹೊರಬರುತ್ತವೆ. ನಾಯಿ ಕಚ್ಚಿದರೆ ಬಾಯಲ್ಲಿ ನೊರೆ ಬರುತ್ತದೆ. ತಲೆ ಕೆಳಗೆ ಬಾಗಿಸಿ, ಬಾಯಿಯ ಪಕ್ಕದಿಂದ ನೀರು ಬಿಟ್ಟು ಒಸಡು, ನಾಲಿಗೆ ಒರೆಸಿ. ನೀರು ಗಂಟಲಿಗೆ ಇಳಿಯಬಾರದು.

ದೀಪಾವಳಿಯ ವಾರ ಎಲ್ಲೂ ಲೀಶ್ ಬಿಚ್ಚಬೇಡಿ. ಪಟಾಕಿಗೆ ಬೆಚ್ಚಿದ ನಾಯಿ 5 ಅಡಿ ಜಾಲರಿಯನ್ನು ಏಣಿಯಂತೆ ಹತ್ತಿ ಆಚೆ ಬೀಳುತ್ತದೆ, ತಿರುಗಿ ನೋಡದೆ ಓಡುತ್ತದೆ. ರಜೆಯ ಮರುದಿನದ ಬೆಳಗಿನಲ್ಲೂ ಎಚ್ಚರ ಬೇಕು. ಹುಲ್ಲಿನಲ್ಲಿ ಬಿರಿಯಾನಿಯ ಕೋಳಿಮೂಳೆ ಬಿದ್ದಿರುತ್ತದೆ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಹೊರಡುವುದು, ಮನೆಗೆ ಬಂದ ಮೇಲೆ

ಮೊದಲ ಭೇಟಿ 20 ನಿಮಿಷಕ್ಕೆ ಸಾಕು. ನಾಯಿ ಇನ್ನೂ ಖುಷಿಯಲ್ಲಿರುವಾಗಲೇ ಹೊರಡಿ. ದಣಿದ ನಾಯಿ ಮುಂಗೋಪಿ, ಕೊನೆಯ ಹತ್ತು ನಿಮಿಷದಲ್ಲೇ ಜಗಳ ಹೆಚ್ಚು. ಕಕ್ಕವನ್ನು ನಿಮ್ಮ ನಾಯಿಯದಲ್ಲದಿದ್ದರೂ ಕಂಡರೆ ಎತ್ತಿ. ಜಂತುಹುಳು, ಕೊಕ್ಕೆಹುಳುಗಳ ಮೊಟ್ಟೆ ಅದರಿಂದಲೇ ಮಣ್ಣಿಗೆ ಸೇರುವುದು, ಬರಿಗಾಲಲ್ಲಿ ಆಡುವ ಮಕ್ಕಳಿಗೂ ಅಂಟುವುದು. ಕಸದ ಡಬ್ಬಿ ಇಲ್ಲದಿದ್ದರೆ ಮನೆಗೆ ತಂದು ಕವರ್ ಬಿಟ್ಟು ಕಕ್ಕವನ್ನು ಕಕ್ಕಸಿಗೆ ಹಾಕಿ ನೀರು ಬಿಡಿ.

ಮನೆ ಹೊಕ್ಕ ಮೇಲೆ ಪಾದ ತೊಳೆದು ಒರೆಸಿ, ಆಮೇಲೆ ಬೆರಳುಗಳಿಂದ ಹುಡುಕಿ: ಕಿವಿಯೊಳಗಿನ ಮಡಿಕೆ, ಕಾಲ್ಬೆರಳ ಸಂದು, ಬೆಲ್ಟಿನ ಅಡಿ, ಕಂಕುಳು, ಬಾಲದ ಬುಡ. ಎಳ್ಳುಕಾಳಿನಷ್ಟು ಗಂಟು ಸಿಕ್ಕರೆ ಅದು ಉಣ್ಣೆ. ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಬಾಯಿಯ ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಕೆರಳಿದ ಉಣ್ಣೆ ತನ್ನ ಜೊಲ್ಲನ್ನು ಗಾಯದೊಳಗೆ ಉಗುಳುತ್ತದೆ. ಉಗುರಿನಿಂದ ಹಿಸುಕದೆ ಸ್ಪಿರಿಟ್ ಇರುವ ಬಾಟಲಿಗೆ ಹಾಕಿ ಮುಚ್ಚಿ.

ಮುಂದಿನ ಎರಡು ಮೂರು ವಾರ ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಮೂತ್ರದ ಬಣ್ಣ ಕಾಫಿಯಂತಾಗುವುದು ಕಂಡರೆ ರಕ್ತಪರೀಕ್ಷೆ ಮಾಡಿಸಿ, ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್ ಮತ್ತು ಬಬೇಸಿಯಾಕ್ಕೆ ಬೇಗ ಮದ್ದು ಬಿದ್ದರೆ ನಾಯಿ ಉಳಿಯುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಣಕೆಮ್ಮು ಶುರುವಾದರೆ ಕೆಮ್ಮು ನಿಂತ ಮೇಲೂ 2 ವಾರ ಪಾರ್ಕಿಗೆ ಹೋಗಬೇಡಿ. ಅಂದು ನಿಮ್ಮ ನಾಯಿಯ ಜೊತೆ ಆಡಿದ ನಾಯಿಗಳ ಮಾಲೀಕರಿಗೆ ಅಂದೇ ಒಂದು ಮೆಸೇಜ್ ಹಾಕಿ, ಅವರ ಮನೆಯಲ್ಲಿ ಲಸಿಕೆ ಮುಗಿಯದ ಮರಿಯೊಂದು ಇರಬಹುದು.